ಲಿಪ್ ಲಿಫ್ಟ್ ನಿಮಗೆ ತಕ್ಕದ್ದೇ? ಫಿಲ್ಲರ್, ಬೊಟಾಕ್ಸ್ ಮತ್ತು ಶಸ್ತ್ರಚಿಕಿತ್ಸೆಗಳ ನಡುವೆ ಆಯ್ಕೆ ಮಾಡುವ ಬಗೆ

ಮೇಲ್ತುಟಿ ತೆಳ್ಳಗೆ ಕಾಣುತ್ತದೆ ಎಂಬ ಒಂದೇ ಕೊರಗಿನ ಹಿಂದೆ ಎರಡು ಬೇರೆ ಬೇರೆ ಕಾರಣಗಳಿರಬಹುದು. ಕೆಲವರ ತುಟಿಯಲ್ಲಿ ನಿಜವಾಗಿಯೂ ತುಂಬುತನ ಕಡಿಮೆ ಇರುತ್ತದೆ. ಇನ್ನು ಕೆಲವರಲ್ಲಿ ತುಂಬುತನಕ್ಕೆ ಕೊರತೆಯಿಲ್ಲದಿದ್ದರೂ ಮೂಗಿನ ಬುಡದಿಂದ ತುಟಿಯ ಅಂಚಿನವರೆಗಿನ ಚರ್ಮ ಉದ್ದವಾಗಿರುವುದರಿಂದ ತುಟಿಯ ಕೆಂಪು ಭಾಗ ಕೆಳಗಿಳಿದು, ಒಳಕ್ಕೆ ಮಗುಚಿಕೊಂಡು, ಇರುವುದೂ ಕಾಣದಂತಾಗಿರುತ್ತದೆ. ಕನ್ನಡಿಯ ಮುಂದೆ ನಿಂತಾಗ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಆದರೆ ಮೊದಲನೆಯದಕ್ಕೆ ತುಟಿಯನ್ನು ಉಬ್ಬಿಸಲು ಒಳಗೆ ತುಂಬುವ ಫಿಲ್ಲರ್ ಚುಚ್ಚುಮದ್ದು ಸಾಕಾಗಬಹುದು, ಎರಡನೆಯದಕ್ಕೆ ಎಷ್ಟು ಫಿಲ್ಲರ್ ತುಂಬಿದರೂ ಉದ್ದ ತಗ್ಗುವುದಿಲ್ಲ. ಲಿಪ್ ಲಿಫ್ಟ್ ಎಂಬುದು ಈ ಎರಡನೆಯ ಸಮಸ್ಯೆಗಾಗಿ ಇರುವ ಶಸ್ತ್ರಚಿಕಿತ್ಸೆ. ಮೂಗಿನ ಕೆಳಗಿನಿಂದ ಸಣ್ಣ ಪಟ್ಟಿಯಷ್ಟು ಚರ್ಮವನ್ನು ತೆಗೆದು, ಕೆಳಗಿನ ಅಂಚನ್ನು ಮೇಲಕ್ಕೆ ತಂದು ಹೊಲಿಯುವುದು ಅದರ ಸಾರ. ತೆಗೆದ ಚರ್ಮ ಮರಳಿ ಬರುವುದಿಲ್ಲ, ಹೊಲಿಗೆಯ ಗೆರೆ ಮುಖದ ನಟ್ಟನಡುವೆ ಉಳಿಯುತ್ತದೆ. ಹಾಗಾಗಿ ಈ ಶಸ್ತ್ರಚಿಕಿತ್ಸೆ ಒಳ್ಳೆಯದೇ, ಕೆಟ್ಟದ್ದೇ ಎಂಬ ಪ್ರಶ್ನೆಗಿಂತ ಮುಂಚೆ ನಿಮ್ಮ ಮುಖದಲ್ಲಿರುವುದು ಉದ್ದದ ಸಮಸ್ಯೆಯೇ, ತುಂಬುತನದ ಸಮಸ್ಯೆಯೇ, ಅಥವಾ ಸಮಸ್ಯೆಯೇ ಇಲ್ಲವೇ ಎಂಬುದು ಇತ್ಯರ್ಥವಾಗಬೇಕು. ಈ ಬರಹದ ಬಹುಪಾಲು ಆ ಇತ್ಯರ್ಥಕ್ಕೇ ಮೀಸಲು.

ಮೊದಲು ಅಳತೆ, ಆಮೇಲೆ ಆಯ್ಕೆ

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನೇರವಾಗಿ ಕುಳಿತು, "ಅಮ್ಮ" ಎಂದು ನಿಧಾನವಾಗಿ ಹೇಳಿ ತುಟಿಗಳನ್ನು ಹಾಗೆಯೇ ಸಡಿಲ ಬಿಡಬೇಕು. ಮ ಕಾರದ ಉಚ್ಚಾರದಲ್ಲಿ ತುಟಿಗಳು ಸೇರಿ, ಬಳಿಕ ತಾವಾಗಿ ತುಸು ಬಿಚ್ಚಿಕೊಂಡು ವಿಶ್ರಾಂತಿಯ ಸ್ಥಿತಿಗೆ ಬರುತ್ತವೆ. ದಂತವೈದ್ಯರೂ ಇಂಥದೇ ಉಚ್ಚಾರವನ್ನು ಬಳಸಿ ತುಟಿಯ ಸಹಜ ನಿಲುವನ್ನು ಗುರುತಿಸುತ್ತಾರೆ. ಆ ಸ್ಥಿತಿಯಲ್ಲಿ ಮೇಲಿನ ಬಾಚಿಹಲ್ಲುಗಳು ಎಷ್ಟು ಕಾಣುತ್ತವೆ ಎಂದು ನೋಡಿಕೊಳ್ಳಿ. ಯೌವನದಲ್ಲಿರುವ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರಿನಷ್ಟು ಹಲ್ಲು ಕಾಣುತ್ತದೆ, ಗಂಡಸರಲ್ಲಿ ಅದಕ್ಕಿಂತ ಕಡಿಮೆ. ವಯಸ್ಸಾಗುತ್ತ ಹೋದಂತೆ ಮೇಲ್ತುಟಿ ಉದ್ದವಾಗಿ ಈ ನೋಟ ಕುಗ್ಗುತ್ತದೆ, ಕೆಳಗಿನ ಹಲ್ಲುಗಳು ಹೆಚ್ಚು ಕಾಣಲು ತೊಡಗುತ್ತವೆ. ಬಳಿಕ ಮಿಲಿಮೀಟರ್ ಗುರುತುಗಳಿರುವ ಸಣ್ಣ ಅಳತೆಪಟ್ಟಿಯನ್ನು ಮೂಗಿನ ಎರಡು ಹೊಳ್ಳೆಗಳ ನಡುವಿನ ಕಂಬದ ಬುಡಕ್ಕೆ ತಾಗಿಸಿ, ಮೇಲ್ತುಟಿಯ ಬಿಲ್ಲಿನಂಥ ಬಾಗಿನ ತಗ್ಗಿನವರೆಗೆ ಎಷ್ಟಿದೆ ಎಂದು ಅಳೆಯಿರಿ. ಯೌವನದ ಹೆಣ್ಣು ಮುಖಗಳಲ್ಲಿ ಇದು ಸುಮಾರು 12ರಿಂದ 15 ಮಿಲಿಮೀಟರಿನ ಆಸುಪಾಸಿನಲ್ಲಿ ಇರುವುದುಂಟು. ಗಂಡಸರಲ್ಲಿ ಸಹಜವಾಗಿಯೇ ಹೆಚ್ಚು.

ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಉದ್ದ 18 ಅಥವಾ 20 ಮಿಲಿಮೀಟರ್ ಇದ್ದು, ತುಟಿ ಸಡಿಲವಾಗಿದ್ದಾಗ ಮೇಲಿನ ಹಲ್ಲು ಸ್ವಲ್ಪವೂ ಕಾಣದಿದ್ದರೆ, ಲಿಪ್ ಲಿಫ್ಟ್‌ನ ಬಗ್ಗೆ ಯೋಚಿಸಲು ಕಾರಣವಿದೆ. ಉದ್ದ 12 ಮಿಲಿಮೀಟರ್ ಇದ್ದು ಹಲ್ಲು 3 ಮಿಲಿಮೀಟರ್ ಕಾಣುತ್ತಿದ್ದರೆ, ತುಟಿ ಎಷ್ಟೇ ತೆಳ್ಳಗಿದ್ದರೂ ಚರ್ಮ ಕತ್ತರಿಸುವ ಮಾತೇ ಬರಬಾರದು. ಅಂಥವರಿಗೆ ತುಟಿ ಎತ್ತಿದರೆ ಬಾಯಿ ಮುಚ್ಚಲು ಪ್ರಯಾಸಪಡಬೇಕಾಗಬಹುದು, ಮೂಗಿಗೂ ತುಟಿಗೂ ನಡುವೆ ಜಾಗವೇ ಇಲ್ಲದಂತೆ ಕಾಣಬಹುದು. ಇವುಗಳ ನಡುವಿನ ಅಳತೆಗಳಲ್ಲಿ ತೀರ್ಮಾನ ಅಷ್ಟು ಸುಲಭವಲ್ಲ, ಅಲ್ಲಿ ಮುಖದ ಒಟ್ಟು ಉದ್ದ, ಗದ್ದ, ಮೂಗಿನ ತುದಿಯ ಕೋನ, ಕೆಳತುಟಿಯ ಗಾತ್ರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೇಲ್ತುಟಿ ಮತ್ತು ಕೆಳತುಟಿಗಳ ಎತ್ತರ ಇಷ್ಟೇ ಅನುಪಾತದಲ್ಲಿರಬೇಕು ಎಂದು ಹೇಳುವ ಸೂತ್ರಗಳೂ ಪ್ರಚಾರದಲ್ಲಿವೆ. ಅವನ್ನು ನಿಯಮವೆಂದು ನಂಬಬೇಡಿ. ಬೇರೆ ಬೇರೆ ಜನಾಂಗಗಳ ಸುಂದರ ಮುಖಗಳು ಆ ಸೂತ್ರಕ್ಕೆ ಹೊಂದುವುದೇ ಇಲ್ಲ.

ನಗುವಾಗಿನ ನೋಟವನ್ನೂ ಮರೆಯಬಾರದು. ನಕ್ಕಾಗ ಈಗಾಗಲೇ ಒಸಡು ಹೆಚ್ಚು ಕಾಣುವವರಿಗೆ ತುಟಿಯನ್ನು ಮೇಲೆತ್ತಿದರೆ ಒಸಡು ಇನ್ನಷ್ಟು ಕಾಣುತ್ತದೆ. ಇದಕ್ಕೆ ಪ್ರತಿಯಾಗಿ, ಹಲ್ಲು ಕಾಣದಿರುವುದಕ್ಕೆ ತುಟಿಯೇ ಕಾರಣವಾಗಿರಬೇಕೆಂದಿಲ್ಲ. ಹಲ್ಲು ಕಡಿಯುವ ಅಭ್ಯಾಸದಿಂದ ಬಾಚಿಹಲ್ಲುಗಳು ಸವೆದು ಗಿಡ್ಡವಾಗಿರಬಹುದು, ಮುಂದಿನ ಹಲ್ಲುಗಳು ಬಿದ್ದು ತುಟಿಗೆ ಹಿಂದಿನಿಂದ ಸಿಗಬೇಕಾದ ಆಸರೆ ತಪ್ಪಿರಬಹುದು, ಮೇಲ್ದವಡೆ ಹಿಂದೆ ಸರಿದಿರಬಹುದು. ಈ ಮೂರೂ ಸಂದರ್ಭಗಳಲ್ಲಿ ಮೊದಲು ನೋಡಬೇಕಾದವರು ದಂತವೈದ್ಯರು. ಹಲ್ಲಿನ ದೋಷವನ್ನು ತುಟಿಯ ಚರ್ಮ ಕತ್ತರಿಸಿ ಸರಿಪಡಿಸಲು ಹೊರಟರೆ, ನಂತರ ಹಲ್ಲು ಕಟ್ಟಿಸಿಕೊಂಡಾಗ ತುಟಿ ಗಿಡ್ಡವಾಗಿ ಕಾಣುವ ಅಪಾಯವಿದೆ.

ಇನ್ನೊಂದು ಎಚ್ಚರಿಕೆ ಫೋಟೋಗಳದು. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಸೆಲ್ಫಿ ಮುಖದ ನಡುಭಾಗವನ್ನು ಹಿಗ್ಗಿಸಿ ತೋರಿಸುತ್ತದೆ. 2018ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, ಸುಮಾರು 12 ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು, 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ. ಮೂಗಿನ ಅಳತೆಯೇ ಇಷ್ಟು ತಪ್ಪುವ ಚಿತ್ರದಲ್ಲಿ ಅದರ ಕೆಳಗಿನ ತುಟಿಯ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ. ಬೇರೊಬ್ಬರಿಂದ 5 ಅಡಿ ದೂರದಿಂದ, ತುಟಿ ಸಡಿಲವಾಗಿರುವಾಗ ಒಂದು, ನಗುವಾಗ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಸಿಕೊಂಡರೆ ವೈದ್ಯರೊಡನೆ ಮಾತಾಡಲು ಭದ್ರವಾದ ಆಧಾರ ಸಿಗುತ್ತದೆ. ಹತ್ತು ವರ್ಷ ಹಿಂದಿನ ಚಿತ್ರಗಳಿದ್ದರೆ ಅವನ್ನೂ ಜೊತೆಗಿಟ್ಟುಕೊಳ್ಳಿ. ತುಟಿ ಕಾಲಕ್ರಮದಲ್ಲಿ ಇಳಿದದ್ದೇ, ಮೊದಲಿನಿಂದಲೂ ಹಾಗೆಯೇ ಇದ್ದದ್ದೇ ಎಂಬುದು ಅವುಗಳಿಂದ ತಿಳಿಯುತ್ತದೆ.

ಫಿಲ್ಲರ್ ಮತ್ತು ಬೊಟಾಕ್ಸ್: ಹಿಂತಿರುಗಬಹುದಾದ ದಾರಿಗಳು

ತುಂಬುತನವೇ ಬೇಕಾಗಿದ್ದರೆ ಹೈಅಲ್ಯುರಾನಿಕ್ ಆಮ್ಲದ ಫಿಲ್ಲರ್ ಮೊದಲ ಆಯ್ಕೆಯಾಗುವುದು ಸಹಜ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಕೆಲವು ದಿನಗಳಲ್ಲಿ ಬಾವು ಇಳಿಯುತ್ತದೆ, ಪರಿಣಾಮ ಸಾಮಾನ್ಯವಾಗಿ 6ರಿಂದ 12 ತಿಂಗಳು ಇರುತ್ತದೆ. ಇಷ್ಟವಾಗದಿದ್ದರೆ ಹೈಅಲ್ಯುರಾನಿಡೇಸ್ ಎಂಬ ಕಿಣ್ವದ ಚುಚ್ಚುಮದ್ದಿನಿಂದ ಅದನ್ನು ಕರಗಿಸಬಹುದು. ಈ ಕೊನೆಯ ಅನುಕೂಲ ಬಹು ದೊಡ್ಡದು, ಶಸ್ತ್ರಚಿಕಿತ್ಸೆಗೆ ಅದಿಲ್ಲ. ಹಾಗೆಂದು ಫಿಲ್ಲರ್ ನಿರಪಾಯಕಾರಿಯಲ್ಲ. ತುಟಿಯೊಳಗೆ ಹರಿಯುವ ಅಪಧಮನಿಯೊಳಗೆ ಮದ್ದು ಸೇರಿದರೆ ಅಥವಾ ಅದನ್ನು ಒತ್ತಿದರೆ ಚರ್ಮಕ್ಕೆ ರಕ್ತ ಹರಿಯುವುದು ನಿಂತು ಅದು ಕೊಳೆಯುವ ಸಾಧ್ಯತೆಯಿದೆ, ಅತಿ ವಿರಳವಾಗಿ ದೃಷ್ಟಿಗೂ ಅಪಾಯವಾಗುತ್ತದೆ. ಚುಚ್ಚಿದ ಮೇಲೆ ಚರ್ಮ ಬಿಳಿಚಿಕೊಂಡರೆ, ಬಲೆಯಂಥ ನೀಲಿ ಗುರುತು ಮೂಡಿದರೆ, ನೋವು ಹೆಚ್ಚುತ್ತ ಹೋದರೆ ನಾಳೆಗೆ ಕಾಯದೆ ತಕ್ಷಣ ಅದೇ ವೈದ್ಯರನ್ನು ಸಂಪರ್ಕಿಸಬೇಕು. ಕರಗಿಸುವ ಕಿಣ್ವವನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳದ ಕಡೆ ಫಿಲ್ಲರ್ ಹಾಕಿಸಿಕೊಳ್ಳಬಾರದು.

ಉದ್ದದ ಸಮಸ್ಯೆಗೆ ಫಿಲ್ಲರ್ ಬಳಸಿದಾಗ ಆಗುವ ತೊಂದರೆ ಬೇರೆಯೇ. ಉದ್ದವಾಗಿ ಇಳಿಬಿದ್ದ ತುಟಿಗೆ ಮದ್ದು ತುಂಬಿದರೆ ಅದು ಮೇಲೇರುವುದಿಲ್ಲ, ಮುಂದಕ್ಕೆ ಚಾಚುತ್ತದೆ. ಭಾರಕ್ಕೆ ಇನ್ನೂ ಕೆಳಗಿಳಿದು ಹಲ್ಲನ್ನು ಮತ್ತಷ್ಟು ಮುಚ್ಚುವುದೂ ಉಂಟು. ಅದನ್ನು ಸರಿಪಡಿಸಲೆಂದು ಮತ್ತೆ ತುಂಬಿಸಿ, ಮದ್ದು ತುಟಿಯ ಅಂಚನ್ನು ದಾಟಿ ಮೀಸೆಯ ಜಾಗಕ್ಕೆ ಹಬ್ಬಿದಾಗ ಮೇಲ್ತುಟಿ ಇಡಿಯಾಗಿ ಉಬ್ಬಿದಂತೆ ಕಾಣುತ್ತದೆ. ವರ್ಷಗಟ್ಟಲೆ ಫಿಲ್ಲರ್ ಹಾಕಿಸಿಕೊಂಡೂ ತೃಪ್ತಿ ಸಿಗದವರು ಕೊನೆಗೆ ಲಿಪ್ ಲಿಫ್ಟ್‌ನ ಕಡೆ ಬರುವುದಕ್ಕೆ ಇದೇ ಮುಖ್ಯ ಕಾರಣ. ಅಂಥವರು ಶಸ್ತ್ರಚಿಕಿತ್ಸೆಗೆ ಮೊದಲು ಹಳೆಯ ಫಿಲ್ಲರನ್ನು ಕರಗಿಸಿಕೊಂಡು, ತುಟಿಯ ನಿಜವಾದ ಆಕಾರ ಹೊರಬಂದ ಮೇಲೆ ಅಳತೆ ಮಾಡಿಸಬೇಕು. ಎಷ್ಟೋ ಮಂದಿಗೆ ಕರಗಿಸಿದ ನಂತರ ಶಸ್ತ್ರಚಿಕಿತ್ಸೆಯೇ ಬೇಡವೆನಿಸಬಹುದು, ಅದೂ ಒಳ್ಳೆಯ ಫಲಿತಾಂಶವೇ.

ಲಿಪ್ ಫ್ಲಿಪ್ ಎಂದು ಕರೆಯುವ ವಿಧಾನದಲ್ಲಿ ಬಾಯಿಯ ಸುತ್ತಲಿನ ಸ್ನಾಯುವಿಗೆ ಅತ್ಯಲ್ಪ ಪ್ರಮಾಣದ ಬೊಟಾಕ್ಸ್ ಕೊಡುತ್ತಾರೆ. ಸ್ನಾಯು ಸಡಿಲಗೊಂಡಾಗ ಒಳಗೆ ಮಗುಚಿದ್ದ ಕೆಂಪು ಭಾಗ ತುಸು ಹೊರಕ್ಕೆ ತೆರೆದುಕೊಳ್ಳುತ್ತದೆ. ತುಂಬುತನ ಹೆಚ್ಚುವುದಿಲ್ಲ, ಚರ್ಮದ ಉದ್ದವೂ ತಗ್ಗುವುದಿಲ್ಲ, ಎರಡು ಮೂರು ತಿಂಗಳಲ್ಲಿ ಪರಿಣಾಮ ಇಳಿಯುತ್ತದೆ. ಆ ಅವಧಿಯಲ್ಲಿ ಸ್ಟ್ರಾ ಹಾಕಿ ಕುಡಿಯುವುದು, ಸಿಳ್ಳೆ ಹಾಕುವುದು, ಪ ಕಾರ ಬ ಕಾರಗಳನ್ನು ಒತ್ತಿ ಉಚ್ಚರಿಸುವುದು ಸ್ವಲ್ಪ ಕಷ್ಟವಾಗಬಹುದು. ಗಾಯಕರು, ಕೊಳಲು ಅಥವಾ ತುತ್ತೂರಿಯಂಥ ವಾದ್ಯ ನುಡಿಸುವವರು ಇದನ್ನು ಒಲ್ಲೆನ್ನುವುದು ಲೇಸು. ನಕ್ಕಾಗ ಮಾತ್ರ ಮೇಲ್ತುಟಿ ಒಳಗೆ ಸರಿದು ಮಾಯವಾಗುವವರಿಗೆ ಈ ಅಗ್ಗದ, ಅಲ್ಪಕಾಲದ ಉಪಾಯ ಸಾಕಾಗುತ್ತದೆ ಎಂಬುದು ನನ್ನ ಎಣಿಕೆ.

ದೇಹದ ಬೇರೆ ಭಾಗದ ಕೊಬ್ಬನ್ನು ತೆಗೆದು ತುಟಿಗೆ ತುಂಬುವ ಕ್ರಮವೂ ಇದೆ. ಸದಾ ಅಲ್ಲಾಡುವ ತುಟಿಯಲ್ಲಿ ಎಷ್ಟು ಕೊಬ್ಬು ಬದುಕಿ ಉಳಿಯುತ್ತದೆ ಎಂದು ಮೊದಲೇ ಹೇಳಲಾಗದು. ಸಿಲಿಕೋನಿನ ಕಡ್ಡಿಯಂಥ ಇಂಪ್ಲಾಂಟುಗಳು ಜರುಗುವ ಅಥವಾ ಹೊರಬರುವ ಸಂಭವವಿರುವುದರಿಂದ ಹೆಚ್ಚಿನವರಿಗೆ ಸೂಕ್ತವಲ್ಲ.

ಶಸ್ತ್ರಚಿಕಿತ್ಸೆಯ ಬಗೆಗಳು

ಲಿಪ್ ಲಿಫ್ಟ್ ಎಂದರೆ ಒಂದೇ ಶಸ್ತ್ರಚಿಕಿತ್ಸೆಯಲ್ಲ. ಹೆಚ್ಚು ಬಳಕೆಯಲ್ಲಿರುವುದು ಬುಲ್‌ಹಾರ್ನ್ ಎಂಬ ವಿಧಾನ. ಬ್ರೆಜಿಲಿನ ಕಾರ್ಡೋಸೊ ಮತ್ತು ಸ್ಪೆರ್ಲಿ 1971ರಲ್ಲಿ ವಿವರಿಸಿದ ಕ್ರಮವೇ ಅದರ ಮೂಲ. ಮೂಗಿನ ಬುಡದ ಏರಿಳಿತವನ್ನು ಅನುಸರಿಸಿ ಗೂಳಿಯ ಕೊಂಬಿನ ಆಕಾರದಲ್ಲಿ ಚರ್ಮದ ಪಟ್ಟಿಯನ್ನು ಗುರುತು ಮಾಡಿ ತೆಗೆಯುತ್ತಾರೆ. ಗೆರೆ ಮೂಗಿನ ಹೊಳ್ಳೆಗಳ ಕೆಳಗಿನ ನೆರಳಿನಲ್ಲಿ ಅಡಗುವಂತೆ ನೋಡಿಕೊಳ್ಳುತ್ತಾರೆ. ಮೇಲ್ತುಟಿಯ ನಡುಭಾಗ ಚೆನ್ನಾಗಿ ಮೇಲೇಳುತ್ತದೆ, ಬಾಯಿಯ ಮೂಲೆಗಳು ಮಾತ್ರ ಬಹುಮಟ್ಟಿಗೆ ಇದ್ದಲ್ಲೇ ಉಳಿಯುತ್ತವೆ. ಈ ಮಿತಿಯನ್ನು ಮೊದಲೇ ತಿಳಿಯದವರು ಆಮೇಲೆ ಮಧ್ಯಭಾಗ ಮಾತ್ರ ಎದ್ದು, ಬದಿಗಳು ತೆಳ್ಳಗೆ ಉಳಿದುದನ್ನು ಕಂಡು ನೊಂದುಕೊಳ್ಳುತ್ತಾರೆ.

ಇಟಾಲಿಯನ್ ಎಂದು ಕರೆಯುವ ಮಾರ್ಪಾಟಿನಲ್ಲಿ ನಡುಗಂಬದ ಬುಡವನ್ನು ಮುಟ್ಟದೆ ಒಂದೊಂದು ಹೊಳ್ಳೆಯ ಕೆಳಗೆ ಪ್ರತ್ಯೇಕವಾಗಿ ಸಣ್ಣ ಕೊಯ್ತ ಹಾಕುತ್ತಾರೆ. ಕಲೆ ಚಿಕ್ಕದು, ಆದರೆ ಎತ್ತುವ ಪ್ರಮಾಣವೂ ಚಿಕ್ಕದು. ತುಟಿಯ ಬಿಲ್ಲಿನ ನಡುಭಾಗ ಅಷ್ಟಾಗಿ ಏಳುವುದಿಲ್ಲ. ಬಾಯಿಯ ಮೂಲೆಗಳು ಕೆಳಗೆ ಜೋತು, ಸುಮ್ಮನಿದ್ದಾಗಲೂ ಬೇಸರಗೊಂಡಂತೆ ಕಾಣುವವರಿಗೆ ಮೂಲೆಗಳ ಮೇಲೆ ತ್ರಿಕೋನಾಕಾರದ ಚರ್ಮ ತೆಗೆಯುವ ವಿಧಾನವಿದೆ. ಅದರ ಕಲೆ ಮೂಗಿನ ನೆರಳಿನಲ್ಲಿ ಅಡಗುವಂಥದ್ದಲ್ಲ, ಆದ್ದರಿಂದ ಅದನ್ನು ಒಪ್ಪಿಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕು.

ಇನ್ನೊಂದು ವಿಧಾನದಲ್ಲಿ ಮೂಗಿನ ಕೆಳಗಲ್ಲ, ನೇರವಾಗಿ ತುಟಿಯ ಅಂಚಿನಲ್ಲೇ ಕೊಯ್ದು ಕೆಂಪು ಭಾಗವನ್ನು ಮೇಲಕ್ಕೆ ಸರಿಸುತ್ತಾರೆ. ತುಟಿಯ ಉದ್ದಕ್ಕೂ, ಬದಿಗಳವರೆಗೂ ಆಕಾರವನ್ನು ತಿದ್ದಬಹುದೆಂಬುದು ಇದರ ಅನುಕೂಲ. ಆದರೆ ಚರ್ಮ ಮತ್ತು ಕೆಂಪು ಭಾಗ ಸೇರುವಲ್ಲಿ ಇರುವ ಸಹಜವಾದ ತೆಳು ಉಬ್ಬುಗೆರೆ ಅಳಿಸಿಹೋಗಿ ಅದರ ಜಾಗದಲ್ಲಿ ಕಲೆ ನಿಲ್ಲುತ್ತದೆ. ಬಾಯಿಯ ಸುತ್ತ ಈಗಾಗಲೇ ನಿರಿಗೆ ಮೂಡಿರುವ, ದಿನವೂ ಲಿಪ್‌ಸ್ಟಿಕ್ ಹಚ್ಚುವ ಹಿರಿಯರಿಗೆ ಇದು ಹೊಂದಬಹುದು. ಕಿರಿಯರಿಗೆ ಇದನ್ನು ನಾನು ಶಿಫಾರಸು ಮಾಡಲಾರೆ.

ಎಷ್ಟು ತೆಗೆಯಬೇಕು ಎಂಬ ಪ್ರಶ್ನೆಗೆ ಮಿಲಿಮೀಟರಿನ ಲೆಕ್ಕದಲ್ಲೇ ಉತ್ತರ ಬರಬೇಕು. ಅನುಭವಿ ಸರ್ಜನ್ ಸಮಾಲೋಚನೆಯ ಹೊತ್ತಿನಲ್ಲೇ ನಿಮ್ಮ ಕೈಗೆ ಕನ್ನಡಿ ಕೊಟ್ಟು, ಹತ್ತಿ ಸುತ್ತಿದ ಕಡ್ಡಿಯಿಂದ ಮೇಲ್ತುಟಿಯನ್ನು ಮೂಗಿನ ಕಡೆಗೆ ಮೃದುವಾಗಿ ಒತ್ತಿ ಹಿಡಿದು, ಹಲ್ಲು ಎಷ್ಟು ಕಾಣುತ್ತದೆ, ತುಟಿ ಹೇಗೆ ಹೊರಳುತ್ತದೆ ಎಂದು ತೋರಿಸಬಹುದು. ಮೂರು ಮಿಲಿಮೀಟರ್ ಎತ್ತಿದಾಗಿನ ಮುಖವನ್ನೂ ಐದು ಮಿಲಿಮೀಟರ್ ಎತ್ತಿದಾಗಿನ ಮುಖವನ್ನೂ ಬೇರೆ ಬೇರೆಯಾಗಿ ತೋರಿಸಲು ಕೇಳಿ. ಈ ಎರಡರ ನಡುವಿನ ವ್ಯತ್ಯಾಸ ಮಾತಿನಲ್ಲಿ ಸಣ್ಣದು, ಮುಖದ ಮೇಲೆ ಬಹಳ ದೊಡ್ಡದು. ಸಂದೇಹವಿದ್ದಾಗ ಕಡಿಮೆ ತೆಗೆಯುವ ಕಡೆಗೇ ವಾಲಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕಡಿಮೆ ತೆಗೆದಿದ್ದರೆ ಒಂದು ವರ್ಷದ ನಂತರ ಇನ್ನಷ್ಟು ತೆಗೆಯಬಹುದು, ಹೆಚ್ಚು ತೆಗೆದಿದ್ದರೆ ಮರಳಿ ಜೋಡಿಸುವ ಸಮರ್ಪಕ ಉಪಾಯ ಯಾರ ಬಳಿಯೂ ಇಲ್ಲ.

ಕಲೆಯೇ ತೀರ್ಮಾನದ ತಿರುಳು

ಅಳತೆ ಎಲ್ಲವೂ ಶಸ್ತ್ರಚಿಕಿತ್ಸೆಯ ಪರವಾಗಿಯೇ ಇದ್ದರೂ, ಮೂಗಿನ ಕೆಳಗೆ ಬೀಳುವ ಕಲೆಯನ್ನು ಸಹಿಸಿಕೊಳ್ಳಬಲ್ಲಿರಾ ಎಂಬ ಪ್ರಶ್ನೆ ಬಾಕಿ ಇರುತ್ತದೆ. ಕಲೆಯೇ ಉಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ನಂಬಬೇಡಿ. ಚೆನ್ನಾಗಿ ಮಾಸಿದ ಕಲೆ ಮಾತಾಡುವಷ್ಟು ದೂರದಿಂದ ಕಾಣದಿರಬಹುದು, ಹತ್ತಿರದಿಂದ ನೋಡುವ ನಿಮ್ಮ ಕಣ್ಣಿಗೆ ಸದಾ ಕಾಣುತ್ತದೆ. ಮೊದಲ ಮೂರು ತಿಂಗಳು ಗೆರೆ ಕೆಂಪಾಗಿ, ಗಟ್ಟಿಯಾಗಿ ಇರುವುದು ಸಾಮಾನ್ಯ. ಆರು ತಿಂಗಳ ನಂತರ ಮೆತ್ತಗಾಗಿ ಮಸುಕಾಗುತ್ತ ಹೋಗುತ್ತದೆ, ಪೂರ್ತಿ ನೆಲೆಗೊಳ್ಳಲು ಒಂದು ವರ್ಷ ಬೇಕು.

ಗಾಢ ಮೈಬಣ್ಣದವರಿಗೆ ಎರಡು ವಿಷಯಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಗಾಯ ಮಾಗುವಾಗ ಅದರ ಸುತ್ತ ಕಪ್ಪು ಛಾಯೆ ಮೂಡುವ ಸಂಭವ ಹೆಚ್ಚು, ಉಬ್ಬಿದ ಕಲೆ ಅಥವಾ ಕೆಲಾಯ್ಡ್ ಬೆಳೆಯುವ ಸಂಭವವೂ ಹೆಚ್ಚು. ನಿಮ್ಮ ದೇಹದಲ್ಲಿ ಈ ಪ್ರವೃತ್ತಿ ಇದೆಯೇ ಎಂದು ತಿಳಿಯಲು ಹಳೆಯ ಗುರುತುಗಳೇ ಸಾಕ್ಷಿ. ಕಿವಿ ಚುಚ್ಚಿಸಿಕೊಂಡ ಜಾಗ, ಲಸಿಕೆ ಹಾಕಿದ ತೋಳು, ಎದೆಯ ಮೇಲಿನ ಮೊಡವೆ ಗುರುತು, ಹಳೆಯ ಹೊಲಿಗೆ ಇವುಗಳಲ್ಲಿ ಯಾವುದಾದರೂ ಗಾಯದ ಎಲ್ಲೆ ಮೀರಿ ಉಬ್ಬಿ ಬೆಳೆದಿದ್ದರೆ ಅಥವಾ ಒಡಹುಟ್ಟಿದವರಲ್ಲಿ, ತಂದೆ ತಾಯಿಯರಲ್ಲಿ ಕೆಲಾಯ್ಡ್ ಇದ್ದರೆ, ಮುಖದ ನಡುವೆ ಬೇಕೆಂದೇ ಗಾಯ ಮಾಡಿಸಿಕೊಳ್ಳುವ ಈ ಶಸ್ತ್ರಚಿಕಿತ್ಸೆಯನ್ನು ಕೈಬಿಡುವುದೇ ಒಳ್ಳೆಯದು. ಇಂಥ ಪ್ರವೃತ್ತಿ ಇಲ್ಲದವರಲ್ಲಿ ಉಬ್ಬಿದ ಕಲೆ ಕಾಣಿಸಿಕೊಂಡರೆ ಸಿಲಿಕೋನ್ ಜೆಲ್, ಸ್ಟೀರಾಯ್ಡ್ ಚುಚ್ಚುಮದ್ದು, ಲೇಸರ್ ಮುಂತಾದ ಉಪಚಾರಗಳಿವೆ. ಅವು ಕಲೆಯನ್ನು ಸುಧಾರಿಸುತ್ತವೆ, ಅಳಿಸುವುದಿಲ್ಲ. ಬಿಸಿಲು ಕಪ್ಪು ಛಾಯೆಯನ್ನು ಹೆಚ್ಚಿಸುವುದರಿಂದ ಗಾಯ ಮುಚ್ಚಿದ ಮೇಲೆ ತಿಂಗಳುಗಟ್ಟಲೆ ಸನ್‌ಸ್ಕ್ರೀನ್ ಹಚ್ಚುವುದು ಚಿಕಿತ್ಸೆಯ ಭಾಗವೇ ಹೌದು.

ಕಲೆಯ ಜೊತೆಗೆ ಬರುವ ಇನ್ನೊಂದು ತೊಂದರೆ ಮೂಗಿನ ಆಕಾರದ್ದು. ಬಿಗಿತವೆಲ್ಲ ಚರ್ಮದ ಹೊಲಿಗೆಯ ಮೇಲೆಯೇ ಬಿದ್ದರೆ ಗೆರೆ ಅಗಲವಾಗುತ್ತದೆ, ಹೊಳ್ಳೆಗಳ ಬುಡ ಕೆಳಕ್ಕೆ ಜಗ್ಗಿ ಮೂಗು ಅಗಲವಾದಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಕೆಲವರು ಒಳಪದರಗಳನ್ನು ಆಳದಲ್ಲೇ ಹೊಲಿದು ಬಿಗಿತವನ್ನು ಅಲ್ಲಿ ಹಿಡಿಸುತ್ತಾರೆ. ಆಳದ ಹೊಲಿಗೆಯನ್ನು ಯಾವುದಕ್ಕೆ ಕಟ್ಟುತ್ತೀರಿ, ಹೊಳ್ಳೆಯ ಅಂಚಿನ ಆಕಾರವನ್ನು ಹೇಗೆ ಉಳಿಸುತ್ತೀರಿ ಎಂದು ಕೇಳಿದಾಗ ಸರ್ಜನ್ ಕೊಡುವ ಉತ್ತರದಲ್ಲಿ ಅವರ ಅನುಭವ ತಿಳಿದುಬರುತ್ತದೆ. ಅಸಮತೆ, ಮರಗಟ್ಟುವಿಕೆ, ಸೋಂಕು, ಹೊಲಿಗೆ ಬಿಚ್ಚಿಕೊಳ್ಳುವುದು ಇವು ಇತರ ಅಪಾಯಗಳು.

ಗಂಡಸರ ವಿಷಯದಲ್ಲಿ ಒಂದು ಮಾತು. ಮೀಸೆ ಕಲೆಯನ್ನು ಮುಚ್ಚಬಲ್ಲದು ಎಂಬುದು ನಿಜವಾದರೂ, ಚರ್ಮ ಮೇಲಕ್ಕೆ ಸರಿದಾಗ ಮೀಸೆಯ ಕೂದಲೂ ಹೊಳ್ಳೆಯ ಅಂಚಿಗೆ ಸರಿಯುತ್ತದೆ, ಅಲ್ಲಿ ಕ್ಷೌರ ಮಾಡುವುದು ಕಷ್ಟವಾಗುತ್ತದೆ. ಉದ್ದ ಮೇಲ್ತುಟಿ ಗಂಡುಮುಖದ ಸಹಜ ಲಕ್ಷಣಗಳಲ್ಲಿ ಒಂದಾದ್ದರಿಂದ, ಹೆಣ್ಣಿನ ಮುಖದ ಅಳತೆಗೆ ಹೋಲಿಸಿ ಕತ್ತರಿಸಿದರೆ ಮುಖದ ಸ್ವಭಾವವೇ ಬದಲಾದಂತೆ ಕಾಣಬಹುದು. ಇದೇ ಕಾರಣದಿಂದ, ಮುಖಕ್ಕೆ ಹೆಣ್ಣಿನ ಲಕ್ಷಣ ಬರಬೇಕೆಂದು ಬಯಸುವ ಟ್ರಾನ್ಸ್ ಮಹಿಳೆಯರಿಗೆ ಈ ಶಸ್ತ್ರಚಿಕಿತ್ಸೆ ಬಹಳ ಉಪಯುಕ್ತವಾಗುವುದುಂಟು.

ಯಾರು ಮುಂದೂಡಬೇಕು, ಯಾರು ಬಿಡಬೇಕು

ಧೂಮಪಾನಿಗಳ ವಿಷಯದಲ್ಲಿ ರಾಜಿ ಇರಬಾರದು. ನಿಕೋಟಿನ್ ಸೂಕ್ಷ್ಮ ರಕ್ತನಾಳಗಳನ್ನು ಸಂಕುಚಿಸುವುದರಿಂದ ಗಾಯ ಮಾಗುವುದು ತಡವಾಗುತ್ತದೆ, ಅಂಚಿನ ಚರ್ಮ ಸಾಯಬಹುದು. ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ನಂತರ ಕನಿಷ್ಠ ನಾಲ್ಕು ವಾರ ಸಿಗರೇಟು, ಇ-ಸಿಗರೇಟು, ಜಗಿಯುವ ತಂಬಾಕು ಎಲ್ಲವನ್ನೂ ಬಿಡಬೇಕು. ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರು ಅದನ್ನು ಮೊದಲು ಹತೋಟಿಗೆ ತಂದುಕೊಳ್ಳಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್, ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್, ಗಿಡಮೂಲಿಕೆಯ ಔಷಧಗಳು ಯಾವುದನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಹೃದಯದ ತೊಂದರೆಗಾಗಿ ಸೇವಿಸುವ ಮಾತ್ರೆಯನ್ನು ಅದನ್ನು ಬರೆದುಕೊಟ್ಟ ವೈದ್ಯರ ಸಲಹೆಯಿಲ್ಲದೆ ತಾವಾಗಿ ನಿಲ್ಲಿಸಬಾರದು. ತುಟಿಯ ಮೇಲೆ ಪದೇ ಪದೇ ಹರ್ಪಿಸ್ ಗುಳ್ಳೆ ಏಳುವವರಿಗೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅದು ಮರುಕಳಿಸಬಹುದಾದ್ದರಿಂದ ಮುಂಚಿತವಾಗಿ ವೈರಸ್ ನಿರೋಧಕ ಮಾತ್ರೆ ಕೊಡುತ್ತಾರೆ. ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಆ ಭಾಗದ ರಕ್ತಸಂಚಾರ ಬದಲಾಗಿರುತ್ತದೆ, ಆದ್ದರಿಂದ ಎರಡರ ನಡುವೆ ಸಾಕಷ್ಟು ತಿಂಗಳ ಅಂತರವಿರಬೇಕು.

ಮನಸ್ಸಿನ ಕಡೆಯಿಂದಲೂ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ತುಟಿಯ ಬಗೆಗಿನ ಯೋಚನೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಾಡುತ್ತಿದ್ದರೆ, ಅದರಿಂದಾಗಿ ಕೆಲಸ, ಓದು, ಜನರ ಒಡನಾಟ ತಪ್ಪಿಹೋಗುತ್ತಿದ್ದರೆ, ಹತ್ತಿರದವರಿಗೆ ಆ ದೋಷ ಕಾಣುವುದೇ ಇಲ್ಲವಾದರೆ, ಅದು ತುಟಿಯ ತೊಂದರೆಗಿಂತ ಮನಸ್ಸಿನ ಯಾತನೆ ಆಗಿರುವ ಸಾಧ್ಯತೆ ಹೆಚ್ಚು. ಇದು ಗುರುತಿಸಲ್ಪಟ್ಟ ಕಾಯಿಲೆ, ಇದಕ್ಕೆ ಮಾತಿನ ಚಿಕಿತ್ಸೆಯೂ ಔಷಧವೂ ಇವೆ, ಗುಣವಾದವರಿದ್ದಾರೆ. ಚಾಕುವಿನಿಂದ ಈ ಯಾತನೆ ತೀರುವುದಿಲ್ಲ. ಒಂದು ಅಂಗ ಸರಿಹೋದರೆ ಯೋಚನೆ ಇನ್ನೊಂದು ಅಂಗಕ್ಕೆ ಹೋಗಿ ಕೂರುತ್ತದೆ. ಸಂಗಾತಿಯ ಒತ್ತಾಯಕ್ಕೆ ಮಣಿದು ಅಥವಾ ಈಗಷ್ಟೇ ಮುರಿದ ಸಂಬಂಧದ ನೋವಿನಲ್ಲಿ ತೀರ್ಮಾನಕ್ಕೆ ಬಂದವರೂ ಕೆಲವು ತಿಂಗಳು ತಡೆದು ನೋಡುವುದು ಒಳಿತು. ಮುಖದ ಬೆಳವಣಿಗೆ ಮುಗಿಯದ ಹದಿಹರೆಯದವರಿಗಂತೂ ಇದು ಬೇಡವೇ ಬೇಡ.

ಸರ್ಜನ್ ಮತ್ತು ಚೇತರಿಕೆ

ಅರ್ಹ ಪ್ಲಾಸ್ಟಿಕ್ ಸರ್ಜನ್ ಅಥವಾ ಮುಖದ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದ ತಜ್ಞರೇ ಇದನ್ನು ಮಾಡಬೇಕು. ಚುಚ್ಚುಮದ್ದು ಕೊಡಲು ಕಲಿತವರೆಲ್ಲ ಇದನ್ನು ಮಾಡಲಾರರು. ಅವರು ತೋರಿಸುವ ಹಿಂದಿನ ರೋಗಿಗಳ ಚಿತ್ರಗಳನ್ನು ನೋಡುವಾಗ ಕೆಲವು ಅಂಶಗಳನ್ನು ಪಟ್ಟುಹಿಡಿದು ಕೇಳಬೇಕು. ಚಿತ್ರ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷದ ನಂತರ ತೆಗೆದದ್ದಾಗಿರಬೇಕು, ಮೇಕಪ್ ಇರಬಾರದು, ನಿಮ್ಮದೇ ಮೈಬಣ್ಣದವರದ್ದಾಗಿರಬೇಕು, ಗದ್ದ ಎತ್ತಿ ಮೂಗಿನ ಬುಡ ಪೂರ್ತಿ ಕಾಣುವಂತೆ ತೆಗೆದ ನೋಟವೂ ಅದರಲ್ಲಿ ಇರಬೇಕು. ಮುಂದಿನಿಂದ ತೆಗೆದ ಚಿತ್ರದಲ್ಲಿ ಮೂಗಿನ ನೆರಳು ಕಲೆಯನ್ನು ಮುಚ್ಚಿಬಿಡುತ್ತದೆ. ನಿಮ್ಮನ್ನು ಪರೀಕ್ಷಿಸಿ "ನಿಮಗೆ ಇದು ಬೇಡ" ಎಂದು ಹೇಳಬಲ್ಲ ಸರ್ಜನ್ ಸಿಕ್ಕರೆ ಅವರ ಮಾತಿಗೆ ಹೆಚ್ಚಿನ ಬೆಲೆ ಕೊಡಿ. ಅದೇ ದಿನ ಮುಂಗಡ ಕಟ್ಟಿದರೆ ರಿಯಾಯಿತಿ ಎನ್ನುವ ಕಡೆಯಿಂದ ಎದ್ದು ಬನ್ನಿ. ಕಲೆಯನ್ನು ತಿದ್ದುವ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾದರೆ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ. ಹಣದ ಹೋಲಿಕೆಯಲ್ಲೂ ಒಂದು ಸೂಕ್ಷ್ಮವಿದೆ. ಫಿಲ್ಲರ್ ಒಂದು ಬಾರಿಗೆ ಅಗ್ಗವಾದರೂ ವರ್ಷವರ್ಷವೂ ಹಾಕಿಸಬೇಕಾದ್ದು, ಲಿಪ್ ಲಿಫ್ಟ್ ಒಮ್ಮೆಗೆ ದುಬಾರಿಯಾದರೂ ಪರಿಣಾಮ ಉಳಿಯುವಂಥದ್ದು; ಆದರೆ ಹಣ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಳ್ಳುವುದು ಸರಿಯಾದ ಲೆಕ್ಕವಲ್ಲ.

ಸ್ಥಳೀಯ ಅರಿವಳಿಕೆಯಲ್ಲೇ ಸುಮಾರು ಒಂದು ಗಂಟೆಯ ಆಸುಪಾಸಿನಲ್ಲಿ ಇದು ಮುಗಿಯುತ್ತದೆ, ಅದೇ ದಿನ ಮನೆಗೆ ಹೋಗಬಹುದು. ಮೊದಲ ಎರಡು ಮೂರು ದಿನ ಬಾವು ಹೆಚ್ಚಾಗಿದ್ದು ತುಟಿ ವಿಪರೀತ ಎತ್ತಿದಂತೆ ಕಾಣುವುದರಿಂದ ಎಷ್ಟೋ ಮಂದಿ ಗಾಬರಿಯಾಗುತ್ತಾರೆ. ಆ ಹೊತ್ತಿನ ಕನ್ನಡಿಯ ನೋಟವನ್ನು ಅಂತಿಮವೆಂದು ತಿಳಿಯಬಾರದು. ತಲೆಯ ಭಾಗ ಎತ್ತರಿಸಿ ಮಲಗಬೇಕು, ಬಾಯಿ ಅಗಲವಾಗಿ ತೆರೆಯಬಾರದು, ಮೆತ್ತನೆಯ ಆಹಾರವನ್ನು ಸಣ್ಣ ತುತ್ತುಗಳಲ್ಲಿ ತಿನ್ನಬೇಕು, ಜೋರಾಗಿ ನಗುವುದನ್ನೂ ಸೀನುವಾಗ ಬಾಯಿ ಬಿಗಿಹಿಡಿಯುವುದನ್ನೂ ತಪ್ಪಿಸಬೇಕು. ಐದರಿಂದ ಏಳು ದಿನಗಳೊಳಗೆ ಹೊರಗಿನ ಹೊಲಿಗೆ ತೆಗೆಯುತ್ತಾರೆ. ಇದನ್ನು ತಡಮಾಡಿದರೆ ದಾರದ ಗುರುತುಗಳು ಚರ್ಮದಲ್ಲಿ ಅಚ್ಚೊತ್ತಿ ಉಳಿಯುವುದರಿಂದ, ಬೇರೆ ಊರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ಹೊಲಿಗೆ ತೆಗೆಯುವವರೆಗೂ ಅಲ್ಲೇ ಇರುವಂತೆ ಯೋಜಿಸಬೇಕು. ಹೆಚ್ಚಿನವರು ಒಂದೆರಡು ವಾರದಲ್ಲಿ ಕೆಲಸಕ್ಕೆ ಮರಳುತ್ತಾರೆ. ನಗು ಹಲವು ವಾರ ಬಿಗಿಯಾಗಿರುತ್ತದೆ, ಮೇಲ್ತುಟಿಯ ಸ್ಪರ್ಶಜ್ಞಾನ ಮರಳಲು ಕೆಲವು ತಿಂಗಳು ಹಿಡಿಯಬಹುದು. ಮೊದಲ ತಿಂಗಳುಗಳಲ್ಲಿ ಎತ್ತಿದ್ದರಲ್ಲಿ ಸ್ವಲ್ಪ ಭಾಗ ಸಡಿಲಿ ಇಳಿಯುವುದು ನಿರೀಕ್ಷಿತವೇ.

ಮದುವೆ, ಸಮಾರಂಭ, ಕ್ಯಾಮೆರಾದ ಮುಂದಿನ ಕೆಲಸ ಇವುಗಳಿದ್ದರೆ ಶಸ್ತ್ರಚಿಕಿತ್ಸೆಗೂ ಆ ದಿನಕ್ಕೂ ನಡುವೆ ಕನಿಷ್ಠ ಮೂರು ತಿಂಗಳು, ಸಾಧ್ಯವಾದರೆ ಆರು ತಿಂಗಳು ಇರಿಸಿಕೊಳ್ಳಿ. ಹಲ್ಲು ನೇರ ಮಾಡಿಸುವ ಅಥವಾ ಕಟ್ಟಿಸುವ ಯೋಜನೆಯಿದ್ದರೆ ಅದು ಮೊದಲು ಮುಗಿಯಲಿ. ಉದ್ದವೂ ಹೆಚ್ಚು, ತುಂಬುತನವೂ ಕಡಿಮೆ ಇರುವವರಿಗೆ ಎರಡೂ ಚಿಕಿತ್ಸೆ ಬೇಕಾಗಬಹುದು. ಆಗ ಲಿಫ್ಟ್ ಮೊದಲು, ಗಾಯ ಪೂರ್ತಿ ಮಾಗಿ ಬಾವು ಇಳಿದ ಮೇಲೆ ಅಗತ್ಯ ಕಂಡರೆ ಮಾತ್ರ ಅಲ್ಪ ಪ್ರಮಾಣದ ಫಿಲ್ಲರ್ ಎಂಬ ಕ್ರಮದಲ್ಲಿ ನಡೆದರೆ ಎರಡನೆಯದು ಬೇಕಾಗದೆಯೂ ಹೋಗಬಹುದು.